ಬಿಸ್ಕತ್ತು ಕಾರ್ಖಾನೆಯ ಲೆಕ್ಕಿಗ, ಐರ್ಲೆಂಡಿನ ಹೊಸ ಚಿತ್ರಗಳು

1952ರಲ್ಲಿ ಡಬ್ಲಿನ್ ನಗರದ ಮುನಿಸಿಪಲ್ ಗ್ಯಾಲರಿ 400 ಪೌಂಡ್ ಬೆಲೆಯ ಒಂದು ಚಿತ್ರವನ್ನು ಬೇಡವೆಂದಿತು. ಕೊಂಡುಕೊಳ್ಳಿ ಎಂದು ಅದನ್ನು ಯಾರೂ ಕೇಳಿರಲಿಲ್ಲ. ಕೆಲವು ಕಲಾಸಕ್ತರು ತಾವೇ ಹಣ ಹಾಕಿ ಕೊಂಡುಕೊಡುತ್ತೇವೆ, ನೀವು ಗೋಡೆಗೆ ಹಾಕಿಕೊಂಡರೆ ಸಾಕು ಅಂದಿದ್ದರು. ಆ ಚಿತ್ರ ಲೂಯಿ ಲ ಬ್ರಾಕಿ 1951ರಲ್ಲಿ ಬರೆದ ‘ಎ ಫ್ಯಾಮಿಲಿ’. ಬೂದು ಬಣ್ಣದ ಬರಿದಾದ ಕೋಣೆ, ಮಲಗಿದ ನಗ್ನ ಹೆಂಗಸು, ತಲೆ ತಗ್ಗಿಸಿ ಕೂತ ಗಂಡಸು, ಒಂದು ಮಗು, ಹೊದಿಕೆಯಡಿಯಿಂದ ಇಣುಕುವ ಬೆಕ್ಕು. ಕುಟುಂಬ ಎಂದರೆ ಹೀಗಿರಬಾರದು ಎಂದು ಆಯ್ಕೆ ಸಮಿತಿಗೆ ಅನ್ನಿಸಿರಬೇಕು. ಅದಕ್ಕೆ ಹತ್ತು ವರ್ಷ ಮೊದಲು, 1942ರಲ್ಲಿ, ಇದೇ ಗ್ಯಾಲರಿ ಫ್ರೆಂಚ್ ಚಿತ್ರಕಾರ ಜಾರ್ಜ್ ರುವೊನ ಕ್ರಿಸ್ತನ ಚಿತ್ರವನ್ನೂ ಪುಕ್ಕಟೆಯಾಗಿ ಬಂದಾಗಲೇ ನಿರಾಕರಿಸಿತ್ತು. ಲ ಬ್ರಾಕಿಯ ಚಿತ್ರಕ್ಕೆ 1956ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಬಹುಮಾನ ಬಂತು, ಚಿತ್ರ ದೇಶ ಬಿಟ್ಟಿತು.

ಅಂದಿನ ಐರ್ಲೆಂಡಿನಲ್ಲಿ ಬದುಕಿರುವ ಕಲಾವಿದರ ಪಾಡು ಏನಿತ್ತು ಎಂಬುದಕ್ಕೆ ಇಷ್ಟು ಸಾಕು. ನಗರದ ಗ್ಯಾಲರಿಗೆ ಹೊಸ ಕೃತಿಗಳನ್ನು ಕೊಳ್ಳಲು ಸ್ವಂತ ಹಣವಿರಲಿಲ್ಲ. ನ್ಯಾಷನಲ್ ಗ್ಯಾಲರಿ ಹಳಬರ ಚಿತ್ರಗಳ ಮನೆ. 1943ರಲ್ಲಿ ಮೇನಿ ಜೆಲೆಟ್, ಈವಿ ಹೋನ್, ನೋರಾ ಮೆಗಿನಿಸ್, ಲ ಬ್ರಾಕಿ ಮೊದಲಾದವರು ಸೇರಿ ಶುರುಮಾಡಿದ ‘ಐರಿಷ್ ಎಕ್ಸಿಬಿಷನ್ ಆಫ್ ಲಿವಿಂಗ್ ಆರ್ಟ್’ ಎಂಬ ವಾರ್ಷಿಕ ಪ್ರದರ್ಶನ, ಲಿಯೊ ಸ್ಮಿತ್ ನಡೆಸುತ್ತಿದ್ದ ಡಾಸನ್ ಗ್ಯಾಲರಿ, 1956ರಿಂದ ಡೇವಿಡ್ ಹೆಂಡ್ರಿಕ್ಸ್‌ನ ಗ್ಯಾಲರಿ: ಹೊಸ ಚಿತ್ರ ಕಾಣಬೇಕಾದರೆ ಹೆಚ್ಚುಕಡಿಮೆ ಇಷ್ಟೇ ಬಾಗಿಲುಗಳು. ಕೊಳ್ಳುವವರಂತೂ ಬೆರಳೆಣಿಕೆಯ ಮಂದಿ. ಅವರಲ್ಲೊಬ್ಬ ಗಾರ್ಡನ್ ಲ್ಯಾಂಬರ್ಟ್. ಕಲೆ ಓದಿದವನಲ್ಲ, ಜಮೀನ್ದಾರನಲ್ಲ, ಚಾರ್ಟರ್ಡ್ ಅಕೌಂಟೆಂಟ್.

ಲ್ಯಾಂಬರ್ಟ್ ಹುಟ್ಟಿದ್ದು 1919ರಲ್ಲಿ, ಡಬ್ಲಿನ್ನಿನಲ್ಲಿ. ತಂದೆ ಬಾಬ್ ಲ್ಯಾಂಬರ್ಟ್ ಪಶುವೈದ್ಯ, ಐರ್ಲೆಂಡಿನ ಹೆಸರಾಂತ ಕ್ರಿಕೆಟಿಗ. ಅಣ್ಣ ಹ್ಯಾಮ್ ಕೂಡ ಪಶುವೈದ್ಯ, ಕ್ರಿಕೆಟ್ಟು ರಗ್ಬಿ ಎರಡರಲ್ಲೂ ಪಳಗಿದ ಕೈ. ಮನೆಯ ಗಾಳಿಯಲ್ಲಿ ಆಟವಿತ್ತು, ಚಿತ್ರಕಲೆಯಲ್ಲ. ಗಾರ್ಡನ್ ಟ್ರಿನಿಟಿ ಕಾಲೇಜಿನಲ್ಲಿ ಓದಿ, ಲೆಕ್ಕಪತ್ರದ ತರಬೇತಿ ಮುಗಿಸಿ, 1944ರಲ್ಲಿ ಡಬ್ಲ್ಯು. ಅಂಡ್ ಆರ್. ಜೇಕಬ್ ಎಂಬ ಬಿಸ್ಕತ್ತು ಕಂಪನಿಯ ಲೆಕ್ಕ ವಿಭಾಗ ಸೇರಿದ. 1851ರಲ್ಲಿ ವಾಟರ್‌ಫರ್ಡ್‌ನಲ್ಲಿ ಶುರುವಾಗಿ ಡಬ್ಲಿನ್ನಿಗೆ ಬಂದ ಕಂಪನಿ ಅದು. 1885ರಿಂದ ಕ್ರೀಮ್ ಕ್ರ್ಯಾಕರ್ ಮಾಡುತ್ತಿದ್ದವರು. 1916ರ ಈಸ್ಟರ್ ದಂಗೆಯಲ್ಲಿ ಬಂಡುಕೋರರು ಹಿಡಿದುಕೊಂಡ ಕಟ್ಟಡಗಳಲ್ಲಿ ಬಿಷಪ್ ಸ್ಟ್ರೀಟಿನ ಅವರ ಕಾರ್ಖಾನೆಯೂ ಒಂದು. ಲ್ಯಾಂಬರ್ಟ್ ಲೆಕ್ಕದಿಂದ ಮಾರಾಟದ ಕಡೆಗೆ ಸರಿದು, ಅಲ್ಲಿಂದ ಮೇಲೇರಿ ಮ್ಯಾನೇಜಿಂಗ್ ಡೈರೆಕ್ಟರ್ ಆದ, ಕೊನೆಗೆ ಅಧ್ಯಕ್ಷನೂ ಆದ. 1977ರಲ್ಲಿ ಪ್ರಧಾನಿ ಜ್ಯಾಕ್ ಲಿಂಚ್ ಅವನನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ನಾಮನಿರ್ದೇಶನ ಮಾಡಿದರು.

ಮಾರಾಟದ ಕಡೆ ಅವನು ಮಾಡಿದ ಒಂದು ಕೆಲಸ ಇಲ್ಲಿ ಮುಖ್ಯ. ಐರ್ಲೆಂಡಿನಲ್ಲಿ ದೂರದರ್ಶನ ಪ್ರಸಾರ ಶುರುವಾದದ್ದು 1961ರ ಡಿಸೆಂಬರ್ 31ರಂದು. ವರ್ಷ ತುಂಬುವ ಮೊದಲೇ, 1962ರ ಡಿಸೆಂಬರಿನಲ್ಲಿ, ಜೇಕಬ್ ಕಂಪನಿ ಟೆಲಿವಿಷನ್ ಕಾರ್ಯಕ್ರಮಗಳಿಗೆ ಪ್ರಶಸ್ತಿ ಕೊಡಲು ಹೊರಟಿತು. ತೀರ್ಪುಗಾರರು ಪತ್ರಿಕೆಗಳ ವಿಮರ್ಶಕರು, ಹಣ ಕಂಪನಿಯದು. ಆ ಪ್ರಶಸ್ತಿ 1993ರವರೆಗೆ ನಡೆಯಿತು, ದೇಶದ ಮನೆಮನೆಗೂ ಗೊತ್ತಾಯಿತು. ಹೊಸದಾಗಿ ಕಣ್ಣುಬಿಡುತ್ತಿರುವ ಕ್ಷೇತ್ರಕ್ಕೆ ಮೊದಲೇ ಕೈಹಾಕಿದರೆ ಸಣ್ಣ ಮೊತ್ತವೂ ದೊಡ್ಡ ಕೆಲಸ ಮಾಡುತ್ತದೆ ಎಂಬುದು ಅವನಿಗೆ ವ್ಯಾಪಾರದಿಂದಲೇ ಗೊತ್ತಿತ್ತು. ಚಿತ್ರಕಲೆಯಲ್ಲೂ ಅವನು ಮಾಡಿದ್ದು ಅದನ್ನೇ. ಅವನ ಕಲಾಪ್ರೇಮವನ್ನು ಹೊಗಳುವವರು ಈ ಲೆಕ್ಕಿಗನ ಬುದ್ಧಿಯನ್ನು ಮರೆಯುತ್ತಾರೆ. ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

1950ರ ದಶಕದಲ್ಲಿ ಅವನು ಕೊಳ್ಳಲು ಶುರುಮಾಡಿದ. ಬದುಕಿರುವ ಕಲಾವಿದರ ಕೃತಿ, ಅದೂ ಬರೆದ ಹೊಸತರಲ್ಲೇ. ಇದರಿಂದ ಕಲಾವಿದನಿಗೆ ಏನಾಗುತ್ತದೆ ಎಂದು ತಿಳಿಯಲು ಗ್ಯಾಲರಿಯ ಲೆಕ್ಕ ತಿಳಿದಿರಬೇಕು. ಗ್ಯಾಲರಿಯಲ್ಲಿ ಚಿತ್ರ ಮಾರಾಟವಾದರೆ ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಗ್ಯಾಲರಿಗೆ ಹೋಗುವುದು ರೂಢಿ. ಉಳಿದದ್ದರಲ್ಲಿ ಚೌಕಟ್ಟು, ಕ್ಯಾನ್ವಾಸು, ಬಣ್ಣ, ಸ್ಟುಡಿಯೋ ಬಾಡಿಗೆ ಕಳೆಯಬೇಕು. ಎರಡು ವರ್ಷಕ್ಕೊಮ್ಮೆ ಇಪ್ಪತ್ತು ಇಪ್ಪತ್ತೈದು ಕೃತಿಗಳ ಒಂಟಿ ಪ್ರದರ್ಶನ ಮಾಡುವವನಿಗೆ ಮೊದಲ ದಿನ, ಮಾರಾಟವಾಯಿತೆಂದು ಅಂಟಿಸುವ ಕೆಂಪು ಚುಕ್ಕೆ ನಾಲ್ಕೈದು ಬಿದ್ದರೆ ಗ್ಯಾಲರಿಯವನು ಮುಂದಿನ ಪ್ರದರ್ಶನಕ್ಕೆ ತಾರೀಖು ಕೊಡುತ್ತಾನೆ. ಬೀಳದಿದ್ದರೆ ಕೊಡುವುದು ಕಷ್ಟ. ದೊಡ್ಡ ಹಣಕ್ಕಿಂತ ನೆಚ್ಚಿಕೆಯ ಗಿರಾಕಿ ಇಲ್ಲಿ ಬೇಕಾಗುತ್ತದೆ. ಒಂದೇ ಸಲ ದೊಡ್ಡ ಚಿತ್ರ ಕೊಂಡು ಹತ್ತು ವರ್ಷ ಮುಖ ತೋರಿಸದ ಸಿರಿವಂತನಿಂದ ಕಲಾವಿದ ಒಂದು ಚಳಿಗಾಲ ದಾಟಬಹುದು. ವರ್ಷವರ್ಷವೂ ಬಂದು ಒಂದೊಂದು ಕೊಳ್ಳುವ ಸಂಬಳದಾರನಿಂದ ಗ್ಯಾಲರಿಯೇ ನಡೆಯುತ್ತದೆ. ಲ್ಯಾಂಬರ್ಟ್ ಈ ಎರಡನೆಯ ಜಾತಿ. ಕಂಪನಿಯ ಮಾಲೀಕನಲ್ಲ, ಸಂಬಳಕ್ಕೆ ದುಡಿದವನು ಎಂಬುದನ್ನು ನೆನಪಿಡಬೇಕು.

ಅವನ ಕಣ್ಣು ತಿದ್ದಿದವರಲ್ಲಿ ಸೆಸಿಲ್ ಕಿಂಗ್ ಮುಖ್ಯ. ಕಿಂಗ್ ಕೂಡ ಮೊದಲು ವ್ಯಾಪಾರಿ, ಡಂಡಾಕ್ ಊರಿನ ಮುದ್ರಣ ಉದ್ಯಮದಲ್ಲಿದ್ದವನು; 1964ರಲ್ಲಿ ಅದನ್ನು ಬಿಟ್ಟು ಪೂರ್ಣಕಾಲದ ಚಿತ್ರಕಾರನಾದ. ಅವನ ಚಿತ್ರಗಳಲ್ಲಿ ದೊಡ್ಡ ಸಪಾಟು ಬಣ್ಣದ ಹರವು, ಅದನ್ನು ಸೀಳುವ ಒಂದೋ ಎರಡೋ ತೀಕ್ಷ್ಣ ಗೆರೆ, ಅಷ್ಟೇ. ಲ್ಯಾಂಬರ್ಟ್‌ನ ಸಂಗ್ರಹ ಭೂದೃಶ್ಯದಿಂದ ಅಮೂರ್ತದ ಕಡೆಗೆ, ಅಲ್ಲಿಂದ ಕಣ್ಣಿಗೆ ಭ್ರಮೆ ಹುಟ್ಟಿಸುವ ಆಪ್ ಆರ್ಟ್ ಮತ್ತು ಚಲನೆಯ ಕೃತಿಗಳ ಕಡೆಗೆ ಸರಿದದ್ದರಲ್ಲಿ ಈ ಗೆಳೆತನದ ಪಾಲಿದೆ, ಹೆಂಡ್ರಿಕ್ಸ್ ಗ್ಯಾಲರಿಯ ಪಾಲೂ ಇದೆ. ವಾಸರೆಲಿ, ಸೋಟೊ, ಜೋಸೆಫ್ ಆಲ್ಬರ್ಸ್ ಇಂಥವರ ಕೃತಿಗಳು ಡಬ್ಲಿನ್ನಿನ ಒಂದು ಮನೆಗೆ ಬಂದವು. ಪಕ್ಕದ ಗೋಡೆಯಲ್ಲೇ ಪ್ಯಾಟ್ರಿಕ್ ಸ್ಕಾಟ್, ಲ ಬ್ರಾಕಿ, ಕಿಂಗ್, ರಾಬರ್ಟ್ ಬ್ಯಾಲಾ. ಹೊರದೇಶದ ದೊಡ್ಡ ಹೆಸರುಗಳ ಸಾಲಿನಲ್ಲಿ ಊರಿನವರನ್ನು ತೂಗುಹಾಕಿದ್ದು ಸಣ್ಣ ಮಾತಲ್ಲ. 1967ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಮೊದಲ ‘ರೋಸ್ಕ್’ ಪ್ರದರ್ಶನಕ್ಕೆ ಜಗತ್ತಿನ 50 ಕಲಾವಿದರ 150 ಕೃತಿಗಳು ಬಂದಿದ್ದವು. ಜೊತೆಗಿಟ್ಟದ್ದು ಪ್ರಾಚೀನ ಐರಿಷ್ ಶಿಲ್ಪ ಮತ್ತು ಲೋಹದ ಕೆಲಸ. ಬದುಕಿದ್ದ ಐರಿಷ್ ಕಲಾವಿದರಿಗೆ ಅದರಲ್ಲಿ ಜಾಗವಿರಲಿಲ್ಲ. ದೇಶದ ಅತಿ ದೊಡ್ಡ ಪ್ರದರ್ಶನ ಮಾಡದ ಕೆಲಸವನ್ನು ಒಬ್ಬ ಬಿಸ್ಕತ್ತು ಕಂಪನಿಯವನ ಮನೆಯ ಗೋಡೆ ಮಾಡುತ್ತಿತ್ತು.

ಬ್ಯಾಲಾನ ಮೊದಲ ಭಾವಚಿತ್ರದ ಬೇಡಿಕೆ ಬಂದದ್ದು ಲ್ಯಾಂಬರ್ಟ್‌ನಿಂದಲೇ. 1972ರ ಆ ಚಿತ್ರದಲ್ಲಿ ಮುಖ ಛಾಯಾಚಿತ್ರದಿಂದ ಕ್ಯಾನ್ವಾಸಿಗೆ ಸಿಲ್ಕ್‌ಸ್ಕ್ರೀನ್ (ಜಾಲರಿ ಮುದ್ರಣ) ಮಾಡಿದ್ದು. ಕೈಯಲ್ಲಿ ಒಂದು ಅಮೂರ್ತ ಚಿತ್ರ. ಕುದುರೆ, ನಾಯಿ, ಪುಸ್ತಕದ ಕಪಾಟು ಹಿಂದಿಟ್ಟು ಬರೆಸಿಕೊಳ್ಳುವ ಯಜಮಾನರ ಸಂಪ್ರದಾಯ ಅಲ್ಲಿಗೆ ಮುಗಿಯಿತು. ಬ್ಯಾಲಾ ಮುಂದೆ ದೇಶದ ಅಂಚೆಚೀಟಿಗಳನ್ನೂ ಯೂರೋಕ್ಕೆ ಮುಂಚಿನ ಕೊನೆಯ ನೋಟುಗಳನ್ನೂ ವಿನ್ಯಾಸ ಮಾಡಿದ. ಲ್ಯಾಂಬರ್ಟ್‌ನ ಚಿತ್ರ ಬರೆದಾಗ ಅವನು ಮೂವತ್ತು ತುಂಬದ ಹುಡುಗ.

ಒಬ್ಬನ ಮನೆಯ ಗೋಡೆಗೆ ಮಿತಿಯುಂಟು. ಅದನ್ನು ದಾಟಿಸಿದ್ದು 1962ರಲ್ಲಿ ಹುಟ್ಟಿದ ‘ಕಂಟೆಂಪರರಿ ಐರಿಷ್ ಆರ್ಟ್ ಸೊಸೈಟಿ’. ಸ್ಥಾಪಕರ ಪಟ್ಟಿಯೇ ಪಾಠದಂತಿದೆ. ರಸಗೊಬ್ಬರ ಕಂಪನಿಯ ಸರ್ ಬೇಸಿಲ್ ಗೂಲ್ಡಿಂಗ್ ಅಧ್ಯಕ್ಷ, ಲ್ಯಾಂಬರ್ಟ್, ಸೆಸಿಲ್ ಕಿಂಗ್, ವಾಸ್ತುಶಿಲ್ಪಿ ಮೈಕೆಲ್ ಸ್ಕಾಟ್, ಕಲೆಗೆ ಸರ್ಕಾರದ ನೆರವು ಹಂಚುವ ಆರ್ಟ್ಸ್ ಕೌನ್ಸಿಲಿನ ಮುಖ್ಯಸ್ಥರಾಗಿದ್ದ ಜೆಸುಯಿಟ್ ಪಾದ್ರಿ ಡೊನಲ್ ಒ’ಸುಲಿವನ್, ಮತ್ತು ಮುನಿಸಿಪಲ್ ಗ್ಯಾಲರಿಯ ಕ್ಯುರೇಟರ್ ಜೇಮ್ಸ್ ವೈಟ್. ಕೊನೆಯ ಹೆಸರನ್ನು ಗಮನಿಸಿ. ಕೆಲಸದ ಕ್ರಮ ಸರಳ: ಸದಸ್ಯರು ವಂತಿಗೆ ಕೊಡುತ್ತಾರೆ, ಸಮಿತಿ ಪ್ರದರ್ಶನಗಳನ್ನು ನೋಡಿ ಬದುಕಿರುವ ಕಲಾವಿದರ ಕೃತಿ ಆರಿಸಿ ಕೊಳ್ಳುತ್ತದೆ, ಕೊಂಡದ್ದನ್ನು ಸಾರ್ವಜನಿಕ ಗ್ಯಾಲರಿಗೆ ಕೊಡುತ್ತದೆ. 1942ರಲ್ಲೂ 1952ರಲ್ಲೂ ಕೊಡುವವರು ಇದ್ದರು, ಹಣವೂ ಇತ್ತು. ತೆಗೆದುಕೊಳ್ಳುವ ಬಾಗಿಲು ಮಾತ್ರ ಮುಚ್ಚಿತ್ತು. ಈಗ ಸ್ವೀಕರಿಸಬೇಕಾದ ಗ್ಯಾಲರಿಯ ಮನುಷ್ಯನೇ ಆರಿಸುವ ಮೇಜಿನಲ್ಲಿ ಕೂತಿದ್ದ. ಕೊಳ್ಳುವ ಮೊದಲೇ ‘ಇದು ನಮಗೆ ಬೇಕು’ ಎಂಬ ಮಾತು ಆಗಿಬಿಟ್ಟರೆ ಆಮೇಲೆ ವಾಪಸು ಕಳಿಸುವ ಪ್ರಶ್ನೆ ಏಳುವುದಿಲ್ಲ. ಪ್ಯಾಟ್ರಿಕ್ ಸ್ಕಾಟ್‌ನ ‘ಲಾರ್ಜ್ ಸೋಲಾರ್ ಡಿವೈಸ್’ ನಗರದ ಗ್ಯಾಲರಿ ಸೇರಿದ್ದು ಈ ದಾರಿಯಲ್ಲೇ. ಸೊಸೈಟಿ ಈಗಲೂ ನಡೆಯುತ್ತಿದೆ.

ಅದೇ ಹೊತ್ತಿಗೆ ಆರ್ಟ್ಸ್ ಕೌನ್ಸಿಲ್ ‘ಜಂಟಿ ಖರೀದಿ’ ಎಂಬ ಯೋಜನೆ ನಡೆಸುತ್ತಿತ್ತು. ಶಾಲೆ, ಹೋಟೆಲು, ಕಂಪನಿ, ಯಾರಾದರೂ ಐರಿಷ್ ಕಲಾವಿದನ ಕೃತಿ ಕೊಂಡರೆ ಅರ್ಧ ಬೆಲೆ ಕೌನ್ಸಿಲಿನದು. ಕಲಾವಿದರಿಗೆ ಒಳ್ಳೆಯದೇ ಆಯಿತು. ತೊಂದರೆ ಬರುವುದು ಇಂಥ ಯೋಜನೆಗಳ ಇಪ್ಪತ್ತನೇ ವರ್ಷದಲ್ಲಿ. ಹೋಟೆಲು ಕೈಬದಲಾಗುತ್ತದೆ, ಹೊಸ ಮಾಲೀಕ ಲಾಬಿಗೆ ಬಣ್ಣ ಹೊಡೆಸುತ್ತಾನೆ, ಚಿತ್ರ ಕುರ್ಚಿ ಮೇಜಿನ ಲೆಕ್ಕಕ್ಕೆ ಸೇರುತ್ತದೆ. ಹಿಂಬದಿಗೆ ಅಂಟಿಸಿದ ಚೀಟಿ ಉದುರಿದ್ದರೆ ಅರ್ಧ ಹಣ ಸಾರ್ವಜನಿಕರದ್ದು ಎಂದು ಹೇಳುವವರೂ ಇರುವುದಿಲ್ಲ. ಆದ್ದರಿಂದಲೇ ಚೌಕಟ್ಟಿನ ಮೇಲೆ ಒಂದು ಚೀಟಿ, ಕೃತಿಯ ಹಿಂಭಾಗದಲ್ಲೇ ಪೆನ್ಸಿಲಿನಲ್ಲಿ ಒಂದು ಸಂಖ್ಯೆ, ಕಡತದಲ್ಲಿ ಫೋಟೋ ಸಹಿತ ಒಂದು ದಾಖಲೆ, ಮೂರೂ ಬೇಕು. ಚೌಕಟ್ಟು ಬದಲಾಗುವುದು ಸಾಮಾನ್ಯ, ಅದರ ಜೊತೆ ಚೀಟಿ ಹೋಗುವುದೂ ಸಾಮಾನ್ಯ.

ಕಂಪನಿಗಳೇ ಸಂಗ್ರಹ ಮಾಡಿದ ಕಥೆ ಬೇರೆ. ಸಿಗರೇಟು ಕಂಪನಿ ಪಿ. ಜೆ. ಕ್ಯಾರಲ್ ಲಿವಿಂಗ್ ಆರ್ಟ್ ಪ್ರದರ್ಶನದಲ್ಲಿ ಬಹುಮಾನ ಇಟ್ಟಿತು. 1970ರ ಸುಮಾರಿಗೆ ಡಂಡಾಕ್‌ನಲ್ಲಿ ವಾಸ್ತುಶಿಲ್ಪಿ ರಾನಿ ಟ್ಯಾಲನ್ ಕಟ್ಟಿದ ಅದರ ಕಾರ್ಖಾನೆಯ ಮುಂದೆ ಗೆರ್ಡಾ ಫ್ರೋಮೆಲ್‌ಳ ಉಕ್ಕಿನ ‘ಸೇಲ್ಸ್’ ನಿಂತಿತು. ಬ್ಯಾಗಟ್ ಸ್ಟ್ರೀಟಿನ ಬ್ಯಾಂಕ್ ಆಫ್ ಐರ್ಲೆಂಡ್ ಕೇಂದ್ರ ಕಚೇರಿಯೂ ಟ್ಯಾಲನ್‌ನದೇ ವಿನ್ಯಾಸ. ಅಂಗಳದಲ್ಲಿ ಶಿಲ್ಪ, ಒಳಗೆ ದೇಶದ ಅತ್ಯುತ್ತಮ ಹೊಸ ಚಿತ್ರಗಳ ಸಾಲು. 2008ರಲ್ಲಿ ಬ್ಯಾಂಕುಗಳು ಕುಸಿದವು. 2010ರಲ್ಲಿ ಬ್ಯಾಂಕ್ ಆಫ್ ಐರ್ಲೆಂಡಿನ ಸಂಗ್ರಹ ಹರಾಜಿಗೆ ಬಂತು. ಅಲೈಡ್ ಐರಿಷ್ ಬ್ಯಾಂಕಿನ ಸಂಗ್ರಹದಿಂದ 39 ಮುಖ್ಯ ಕೃತಿಗಳನ್ನು 2012ರಲ್ಲಿ ದೇಶಕ್ಕೆ ಒಪ್ಪಿಸಲಾಯಿತು. ಅವು ಕಾರ್ಕ್ ನಗರದ ಕ್ರಾಫರ್ಡ್ ಆರ್ಟ್ ಗ್ಯಾಲರಿ ಸೇರಿದವು. ಎರಡೂ ಬ್ಯಾಂಕು, ಎರಡೂ ಒಂದೇ ಬಿಕ್ಕಟ್ಟು, ಎರಡು ಗತಿ. ಕಂಪನಿಯ ಚಿತ್ರ ಎಂದರೆ ಬ್ಯಾಲೆನ್ಸ್ ಶೀಟಿನ ಆಸ್ತಿ. ಒಳ್ಳೆಯ ದಿನಗಳಲ್ಲಿ ಅದು ಗೋಡೆಯ ಅಲಂಕಾರ, ಕೆಟ್ಟ ದಿನಗಳಲ್ಲಿ ಮಾರಬಹುದಾದ ಸರಕು. ಅಧ್ಯಕ್ಷ ಎಷ್ಟು ರಸಿಕನಾಗಿದ್ದರೂ ಮುಂದಿನ ಅಧ್ಯಕ್ಷನ ಕೈಕಟ್ಟಲಾರ.

ವ್ಯಕ್ತಿಯ ಸಂಗ್ರಹಕ್ಕೂ ಇದೇ ಅಪಾಯವಿದೆ. ಗೂಲ್ಡಿಂಗ್ ಲ್ಯಾಂಬರ್ಟ್‌ಗಿಂತ ಹೆಚ್ಚು ಹುಮ್ಮಸ್ಸಿನ ಸಂಗ್ರಾಹಕ. ಕಮೀಲ್ ಸೂಟರ್, ಬ್ಯಾರಿ ಕುಕ್ ಮೊದಲಾದವರನ್ನು ಬೆನ್ನುಕಟ್ಟಿ ಬೆಳೆಸಿದವನು. ವಿಕ್ಲೋ ಕೌಂಟಿಯ ಎನಿಸ್ಕೆರಿಯಲ್ಲಿ ಡಾರ್ಗಲ್ ನದಿಯ ಮೇಲೆ ಚಾಚಿಕೊಂಡಿರುವ ಗಾಜು ಮತ್ತು ಉಕ್ಕಿನ ಬೇಸಿಗೆ ಮನೆ, 1970ರ ದಶಕದ ಆರಂಭದ್ದು, ಅವನು ಟ್ಯಾಲನ್‌ನಿಂದ ಕಟ್ಟಿಸಿದ್ದು; ಅದು ಇಂದಿಗೂ ವಾಸ್ತುಶಿಲ್ಪ ವಿದ್ಯಾರ್ಥಿಗಳ ಯಾತ್ರಾಸ್ಥಳ. 1982ರಲ್ಲಿ ಅವನು ತೀರಿಕೊಂಡ, ಸಂಗ್ರಹ ಚದುರಿಹೋಯಿತು. ಒಂದೊಂದು ಚಿತ್ರ ಎಲ್ಲೋ ಚೆನ್ನಾಗಿಯೇ ಇರಬಹುದು. ಆದರೆ ಒಬ್ಬ ಮನುಷ್ಯ ಇಪ್ಪತ್ತು ಮೂವತ್ತು ವರ್ಷ ಒಂದು ಪೀಳಿಗೆಯ ಕಲೆಯನ್ನು ಹೇಗೆ ನೋಡಿದ ಎಂಬುದನ್ನು ಮತ್ತೆ ಒಂದೇ ಕಡೆ ಕಾಣುವುದು ಸಾಧ್ಯವಿಲ್ಲ.

ಕೊಡುವ ಮನಸ್ಸಿದ್ದರೂ ಕಾಗದ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಡಬ್ಲಿನ್ನಿಗೆ ಚೆನ್ನಾಗಿ ಗೊತ್ತು. ಚಿತ್ರವ್ಯಾಪಾರಿ ಸರ್ ಹ್ಯೂ ಲೇನ್ 1908ರಲ್ಲಿ ಹಾರ್ಕೋರ್ಟ್ ಸ್ಟ್ರೀಟಿನಲ್ಲಿ ನಗರದ ಆಧುನಿಕ ಕಲೆಯ ಗ್ಯಾಲರಿಯನ್ನು, ಅಂದರೆ ಅದೇ ಮುನಿಸಿಪಲ್ ಗ್ಯಾಲರಿಯನ್ನು, ತೆರೆಸಿದ. ಫ್ರೆಂಚ್ ಚಿತ್ರಕಾರರಾದ ಮಾನೆ, ರೆನ್ವಾರ್, ಡೆಗಾ ಇವರ ಕೃತಿಗಳೆಲ್ಲ ಇದ್ದ 39 ಚಿತ್ರಗಳನ್ನು, ಶಾಶ್ವತ ಕಟ್ಟಡ ಕಟ್ಟಿಕೊಟ್ಟರೆ ಮಾತ್ರ ಎಂಬ ಷರತ್ತಿನ ಮೇಲೆ ಕೊಡಲು ಒಪ್ಪಿದ. ಲಿಫಿ ನದಿಗೆ ಅಡ್ಡಲಾಗಿ ಸೇತುವೆಯ ಮೇಲೆ ಗ್ಯಾಲರಿ ಎಂದು ಲಟ್ಯೆನ್ಸ್ ನಕ್ಷೆ ಬರೆದ. ನಮ್ಮ ದೆಹಲಿಯ ಲಟ್ಯೆನ್ಸನೇ. ಆ ಯೋಜನೆಯನ್ನು ಹಟ ಹಿಡಿದು ವಿರೋಧಿಸಿದವನು ಆ ಊರಿನ ಅತಿ ದೊಡ್ಡ ಉದ್ಯಮಿ ವಿಲಿಯಂ ಮಾರ್ಟಿನ್ ಮರ್ಫಿ. ಟ್ರಾಮು, ಪತ್ರಿಕೆ ಎರಡೂ ಅವನವು. 1913ರಲ್ಲಿ ಯೋಜನೆ ಬಿತ್ತು. ಲೇನ್ ಸಿಟ್ಟಿಗೆದ್ದು 39 ಚಿತ್ರಗಳನ್ನು ಲಂಡನ್ನಿಗೆ ಬರೆದುಕೊಟ್ಟ. ಆಮೇಲೆ ಮನಸ್ಸು ಬದಲಾಯಿಸಿ 1915ರ ಫೆಬ್ರವರಿಯಲ್ಲಿ ಉಯಿಲಿಗೆ ಪುರವಣಿ ಬರೆದು ಡಬ್ಲಿನ್ನಿಗೇ ಬಿಟ್ಟ, ಸಹಿಯನ್ನೂ ಹಾಕಿದ. ಸಾಕ್ಷಿ ಹಾಕಿಸಲಿಲ್ಲ. ಮೇ ತಿಂಗಳಲ್ಲಿ ಲುಸಿಟಾನಿಯಾ ಹಡಗಿನ ಜೊತೆ ಮುಳುಗಿದ. ಎರಡು ಸಾಕ್ಷಿ ಸಹಿ ಇಲ್ಲದ ಒಂದು ಹಾಳೆಗಾಗಿ ಎರಡು ದೇಶಗಳು ನಲವತ್ತು ವರ್ಷಕ್ಕೂ ಹೆಚ್ಚು ಜಗಳವಾಡಿ, 1959ರಲ್ಲಿ ಸರದಿಯ ಮೇಲೆ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದವು.

ಅದೇ ಕಾಲದ ಡಬ್ಲಿನ್ ಸಾಹಿತ್ಯ ವಲಯದಲ್ಲಿದ್ದ ಕವಿ ಜೇಮ್ಸ್ ಕಸಿನ್ಸ್ ಆಮೇಲೆ ಭಾರತಕ್ಕೆ ಬಂದು, 1920ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ಕಟ್ಟಲು ನೆರವಾದರು. ಅಲ್ಲಿ ಸೇತುವೆಯ ಗಲಾಟೆ ಇರಲಿಲ್ಲ, ಕಟ್ಟಡ ಮೊದಲೇ ಇತ್ತು, ಕೊಡುವವರು ಮಹಾರಾಜರು.

ಇಷ್ಟು ಇತಿಹಾಸ ಬೆನ್ನಿಗಿದ್ದುದರಿಂದ ಲ್ಯಾಂಬರ್ಟ್ ಮಾಡಿದ್ದು ಅರ್ಥವಾಗುತ್ತದೆ. ಐರ್ಲೆಂಡಿಗೆ ಆಧುನಿಕ ಕಲೆಯ ರಾಷ್ಟ್ರೀಯ ಮ್ಯೂಸಿಯಂ ಬೇಕೆಂದು ಒತ್ತಾಯಿಸಿದವರಲ್ಲಿ ಅವನೊಬ್ಬ. ಜಾಗದ ಬಗ್ಗೆ ಜಗಳವಾಯಿತು: ಕೆಲವರಿಗೆ ಬಂದರಿನ ಹಳೆಯ ಉಗ್ರಾಣ ಬೇಕಿತ್ತು, ಸರ್ಕಾರ ಡಬ್ಲಿನ್ನಿನ ಕಿಲ್ಮೇನಮ್‌ನ ರಾಯಲ್ ಹಾಸ್ಪಿಟಲ್ ಅನ್ನು ಆರಿಸಿತು. 1680ರ ದಶಕದಲ್ಲಿ ಪ್ಯಾರಿಸಿನ ಇನ್ವಾಲಿಡ್ಸ್ ಮಾದರಿಯಲ್ಲಿ ನಿವೃತ್ತ ಸೈನಿಕರಿಗಾಗಿ ಕಟ್ಟಿದ ಆ ಕಟ್ಟಡದಲ್ಲಿ ಉದ್ದದ ಕಾರಿಡಾರು, ಅದರ ಪಕ್ಕಕ್ಕೆ ಸಣ್ಣ ಸಣ್ಣ ಕೋಣೆ. ಎಂಟಡಿಯ ಕ್ಯಾನ್ವಾಸಿಗೆ ಹಿಂದೆ ಸರಿದು ನಿಲ್ಲಲು ಜಾಗ ಸಾಲದು; ಮನೆಯ ಗೋಡೆಗೆಂದು ಕೊಂಡ ಮೂರು ನಾಲ್ಕಡಿಯ ಚಿತ್ರಗಳಿಗೆ ಹೇಳಿ ಮಾಡಿಸಿದಂಥದ್ದು. 1991ರ ಮೇ 25ರಂದು ‘ಐರಿಷ್ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್’ ಬಾಗಿಲು ತೆರೆದಾಗ ಕಟ್ಟಡವಿತ್ತು, ನಿರ್ದೇಶಕ ಡೆಕ್ಲನ್ ಮೆಕ್‌ಗಾನಗಲ್ ಇದ್ದರು. ಸ್ವಂತದ್ದು ಎನ್ನುವ ಸಂಗ್ರಹ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಆಡಳಿತ ಮಂಡಳಿಯಲ್ಲಿದ್ದ ಲ್ಯಾಂಬರ್ಟ್ 1992ರಲ್ಲಿ 300ಕ್ಕೂ ಹೆಚ್ಚು ಕೃತಿಗಳನ್ನು ಕೊಟ್ಟ. ಬದುಕಿರುವಾಗಲೇ. ಮುಂದೆ ಪಶ್ಚಿಮ ಭಾಗದ ಕೋಣೆಗಳಿಗೆ ಅವನ ಹೆಸರಾಯಿತು. ತೀರಿಕೊಂಡದ್ದು 2005ರ ಜನವರಿಯಲ್ಲಿ.

ಬದುಕಿರುವಾಗ ಕೊಡುವುದರ ಲಾಭ ಭಾವನೆಯದ್ದಲ್ಲ, ಕೆಲಸದ್ದು. ಮುನ್ನೂರು ಕೃತಿ ಮನೆಯಿಂದ ಮ್ಯೂಸಿಯಂಗೆ ಹೋಗುವುದೆಂದರೆ ಮೊದಲು ಪಟ್ಟಿಯಾಗಬೇಕು: ಕಲಾವಿದ, ಹೆಸರು, ವರ್ಷ, ಮಾಧ್ಯಮ, ಎತ್ತರ ಮೊದಲು ಅಗಲ ಆಮೇಲೆ ಸೆಂಟಿಮೀಟರಿನಲ್ಲಿ, ಸಹಿ ಎಲ್ಲಿದೆ, ಎಲ್ಲಿ ಕೊಂಡದ್ದು. ಗ್ಯಾಲರಿಯ ಬಿಲ್ಲು ಇದ್ದರೆ ಚಿನ್ನ. ಅದು ಒಡೆತನಕ್ಕೂ ಪುರಾವೆ, ಕೃತಿ ನಿಜವಾದದ್ದು ಎಂಬುದಕ್ಕೂ ಪುರಾವೆ. ಆಮೇಲೆ ಒಂದೊಂದರ ಸ್ಥಿತಿಯ ವರದಿ, ಮೇಲ್ಮೈಗೆ ಓರೆಯಾಗಿ ಬೆಳಕು ಬಿಟ್ಟು ತೆಗೆದ ಫೋಟೋ. ಮ್ಯೂಸಿಯಂನ ಸಮಿತಿ ನೋಡಿ ಒಪ್ಪಬೇಕು, ದಾನಪತ್ರ ಆಗಬೇಕು, ವಿಮೆಯ ಹೊಣೆ ಯಾವ ಗಳಿಗೆಯಲ್ಲಿ ಕೈಬದಲಾಗುತ್ತದೆ ಎಂದು ಬರೆದಿರಬೇಕು. ಮರದ ಚೌಕಟ್ಟಿನಲ್ಲಿ ಹುಳು ಇದೆಯೇ ಎಂದು ಪ್ರತ್ಯೇಕ ಕೋಣೆಯಲ್ಲಿಟ್ಟು ನೋಡಿದ ಮೇಲೆಯೇ ಉಗ್ರಾಣಕ್ಕೆ. ಈ ಹಾದಿಯಲ್ಲಿ ನೂರು ಪ್ರಶ್ನೆ ಏಳುತ್ತವೆ. ತಲೆಕೆಳಗಾಗಿ ತೂಗುಹಾಕಿದ್ದೇವೆಯೇ, ಎರಡು ಭಾಗ ಇರುವ ಕೃತಿಯೇ, ಹೆಸರೇ ಇಲ್ಲದ್ದೇ? ಕೊಂಡವನು ಎದುರಿಗಿದ್ದರೆ ಅರ್ಧ ನಿಮಿಷದ ಉತ್ತರ. ಇಲ್ಲದಿದ್ದರೆ ಒಬ್ಬ ಸಂಶೋಧಕನ ಆರು ತಿಂಗಳು.

ಷರತ್ತಿನ ಮಾತೂ ಇದೆ. ಎಲ್ಲವನ್ನೂ ಒಟ್ಟಿಗೇ ಸದಾ ಪ್ರದರ್ಶಿಸಬೇಕು, ಸಾಲ ಕೊಡಕೂಡದು ಎಂದು ಬರೆಸುವ ದಾನಿಗಳುಂಟು. ಹಾಗೆ ಬರೆಸಿದರೆ ಮ್ಯೂಸಿಯಂ ಒಂದೋ ನಿರಾಕರಿಸುತ್ತದೆ, ಇಲ್ಲವೇ ಒಪ್ಪಿಕೊಂಡು ಮೂಲೆಯ ಕೋಣೆಯೊಂದನ್ನು ಬೀಗ ಹಾಕಿದಂತೆ ಇಡುತ್ತದೆ. ಕಾಗದದ ಮೇಲಿನ ಕೃತಿಗೆ 50 ಲಕ್ಸ್, ಎಣ್ಣೆಬಣ್ಣಕ್ಕೆ 200 ಲಕ್ಸ್ ಬೆಳಕೇ ಹೆಚ್ಚೆಂದು ಲೆಕ್ಕ (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ಮೂರು ನಾಲ್ಕು ತಿಂಗಳು ತೋರಿಸಿದ ಮುದ್ರಣ ಕೃತಿ ಆಮೇಲೆ ವರ್ಷಗಟ್ಟಲೆ ಕತ್ತಲಲ್ಲಿ ಮಲಗಬೇಕು. ಸದಾ ಪ್ರದರ್ಶಿಸಿ ಎಂಬ ಷರತ್ತು ಕೃತಿಯನ್ನೇ ಸುಡುತ್ತದೆ. ದಾನಿಗೆ ಬೇಕಾದ ಗೌರವ ಸಿಗಲು ಗೋಡೆಯ ಚೀಟಿಯ ಕೊನೆಯ ಸಾಲು ಸಾಕು. ಕಿಲ್ಮೇನಮ್‌ನ ಚೀಟಿಗಳಲ್ಲಿ ‘ಗಾರ್ಡನ್ ಲ್ಯಾಂಬರ್ಟ್ ಟ್ರಸ್ಟ್, 1992’ ಎಂದಿರುತ್ತದೆ. ಕೃತಿ ಯಾವ ದೇಶಕ್ಕೆ ಸಾಲ ಹೋದರೂ ಆ ಸಾಲು ಜೊತೆಗೇ ಹೋಗುತ್ತದೆ.

ಈ ಸಂಗ್ರಹದ ಕೃತಿಗಳಿಗೆ ಬರುವ ರೋಗಗಳೂ ಬೇರೆ ಬೇರೆ. ಪ್ಯಾಟ್ರಿಕ್ ಸ್ಕಾಟ್ ಮೂಲತಃ ವಾಸ್ತುಶಿಲ್ಪಿ. ಐರ್ಲೆಂಡಿನ ರೈಲುಗಳ ಕಿತ್ತಳೆ ಕಪ್ಪು ಬಣ್ಣ ಅವನ ಆಯ್ಕೆ ಎನ್ನುತ್ತಾರೆ. 1964ರಿಂದ ಅವನು ಬರೆದ ಚಿನ್ನದ ಚಿತ್ರಗಳಲ್ಲಿ ಪ್ರೈಮರ್ ಬಳಿಯದ ಬರೀ ಲಿನನ್ ಬಟ್ಟೆ, ಅದರ ಮೇಲೆ ತೆಳು ಟೆಂಪೆರಾ (ನೀರಿನಲ್ಲಿ ಕಲಸುವ ಬಣ್ಣ), ಚಿನ್ನದ ರೇಕು. ನೋಡಲು ಶಾಂತ, ಕಾಪಾಡಲು ತಲೆನೋವು. ಬಟ್ಟೆಗೆ ಬಿದ್ದ ನೀರಿನ ಹನಿ, ಬೆರಳಿನ ಜಿಡ್ಡು, ಅಂಚಿನಲ್ಲಿ ಹತ್ತಿದ ದೂಳು ನೂಲಿನೊಳಗೆ ಇಳಿದುಬಿಡುತ್ತದೆ; ಒರೆಸಿದರೆ ಒರೆಸಿದ ಜಾಗ ಬೇರೆಯೇ ಕಾಣುತ್ತದೆ. ಆಲ್ಬರ್ಸ್ ಬರೆಯುತ್ತಿದ್ದದ್ದು ಒತ್ತು ಹಲಗೆಯ ಒರಟು ಬೆನ್ನಿನ ಮೇಲೆ, ಟ್ಯೂಬಿನ ಬಣ್ಣವನ್ನು ನೇರವಾಗಿ ಚಾಕುವಿನಿಂದ ಹಚ್ಚಿ. ಅಲ್ಲಿ ಮೊದಲು ಜಜ್ಜಿಹೋಗುವುದು ಹಲಗೆಯ ಮೂಲೆಗಳು. ವಾಸರೆಲಿಯ ಸಪಾಟು ಬಣ್ಣಕ್ಕೆ ತೋಳು ತಗುಲಿದರೂ ಅಲ್ಲಿ ಹೊಳಪು ಏರುತ್ತದೆ, ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಸೋಟೊನ ಕೃತಿಗಳಲ್ಲಿ ಗೆರೆಗಳ ಹಿನ್ನೆಲೆಯ ಮುಂದೆ ತೆಳು ಸರಳುಗಳು ನೈಲಾನ್ ದಾರದಲ್ಲಿ ತೂಗುತ್ತವೆ. ನೋಡುವವನು ಆಚೀಚೆ ನಡೆದರೆ ಚಿತ್ರ ನಡುಗುತ್ತದೆ. ಬೆಳಕಿಗೆ ನೈಲಾನ್ ಪೆಡಸಾಗಿ ಒಂದು ದಿನ ತುಂಡಾಗುತ್ತದೆ. ಹೊಸ ದಾರ ಕಟ್ಟುವಾಗ ಉದ್ದ ಒಂದೆರಡು ಮಿಲಿಮೀಟರು ತಪ್ಪಿದರೂ ಸರಳು ಓರೆಯಾಗಿ ನಡುಕವೇ ಕೆಡುತ್ತದೆ. ಆದ್ದರಿಂದ ತುಂಡಾಗುವ ಮೊದಲೇ ಪ್ರತಿ ದಾರದ ಉದ್ದ ಅಳೆದು ಬರೆದಿಟ್ಟಿರಬೇಕು.

ಇತ್ತೀಚಿನ ಉದ್ಯಮಿಗಳು ಕೊಡುವ ದಾರಿಯಲ್ಲಿ ತೆರಿಗೆ ಇಲಾಖೆಯೂ ಇದೆ. 1990ರ ದಶಕದ ನಡುವಿನಲ್ಲಿ ಬಂದು ಈಗ 1997ರ ತೆರಿಗೆ ಕಾಯ್ದೆಯ 1003ನೇ ಸೆಕ್ಷನ್ನಿನಲ್ಲಿರುವ ನಿಯಮದ ಪ್ರಕಾರ, ದೇಶದ ಪರಂಪರೆಗೆ ಮುಖ್ಯವಾದ ವಸ್ತುವನ್ನು ರಾಷ್ಟ್ರೀಯ ಸಂಸ್ಥೆಗೆ ಕೊಟ್ಟವರಿಗೆ ಅದರ ಬೆಲೆಯ ಮೇಲೆ ತೆರಿಗೆಯಲ್ಲೇ ಕಡಿತ ಸಿಗುತ್ತದೆ. ಮೊದಲು ಪೂರ್ತಿ ಬೆಲೆ, ಆಮೇಲೆ ಶೇ. 80. ವಸ್ತು 1,50,000 ಯೂರೋಗಿಂತ ಕಡಿಮೆ ಬೆಲೆಯದಾಗಿರಕೂಡದು, ರಾಷ್ಟ್ರೀಯ ಸಂಸ್ಥೆಗಳ ಮುಖ್ಯಸ್ಥರಿರುವ ಸಮಿತಿ ಒಪ್ಪಬೇಕು. ‘ಎ ಫ್ಯಾಮಿಲಿ’ ಊರಿಗೆ ಮರಳಿದ್ದು ಈ ಬಾಗಿಲಿನಿಂದ. ಗ್ಲೆನ್ ಡಿಂಪ್ಲೆಕ್ಸ್ ಎಂಬ ವಿದ್ಯುತ್ ಹೀಟರ್ ಕಂಪನಿಯ ಲಾಕ್ಲನ್ ಕ್ವಿನ್ ಮತ್ತು ಬ್ರೆಂಡಾ ಕ್ವಿನ್ 2002ರಲ್ಲಿ ಅದನ್ನು ನ್ಯಾಷನಲ್ ಗ್ಯಾಲರಿಗೆ ಕೊಟ್ಟರು. ಅಷ್ಟರಲ್ಲಿ ಅದರ ಬೆಲೆ 27 ಲಕ್ಷ ಯೂರೋ ದಾಟಿತ್ತು. ಕ್ವಿನ್ ದಂಪತಿಯದ್ದು ನಿಜವಾದ ಔದಾರ್ಯವೇ. ಅದೇ ಕಂಪನಿ 1994ರಿಂದ ಕಿಲ್ಮೇನಮ್‌ನಲ್ಲಿ ಕಲಾವಿದರಿಗೆ ಪ್ರಶಸ್ತಿಯನ್ನೂ ನಡೆಸಿತ್ತು. ಆದರೆ ನಿಯಮದ ಓರೆ ಯಾವ ಕಡೆಗಿದೆ ನೋಡಿ. ಒಂದೂವರೆ ಲಕ್ಷ ಯೂರೋದ ಕೆಳಮಿತಿ ಅಂದರೆ ಹೆಸರು ಮಾಡಿ ಮುಗಿದವರ ಕೃತಿ. ಲ್ಯಾಂಬರ್ಟ್ ಕೊಳ್ಳುತ್ತಿದ್ದಂಥ ಚಿತ್ರ, ಇನ್ನೂ ಬಣ್ಣ ಪೂರ್ತಿ ಒಣಗಿರದ ಇಪ್ಪತ್ತೇಳರ ಹುಡುಗಿಯ ಚಿತ್ರ, ಈ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ. ಆ ಕೆಲಸಕ್ಕೆ ಈಗಲೂ ಸೊಸೈಟಿಯಂಥ ವಂತಿಗೆಯ ಕೂಟವೇ ಗತಿ.

ಕೊಂಡವನು ಕೊಟ್ಟಮೇಲೆ ಕಲಾವಿದನಿಗೆ ಉಳಿಯುವುದೇನು? ಕ್ಯಾನ್ವಾಸು ಮ್ಯೂಸಿಯಂನದು, ಕೃತಿಸ್ವಾಮ್ಯ ಕಲಾವಿದನದು. ಬೇರೆ ಬರಹವಿಲ್ಲದಿದ್ದರೆ ಮಾರಾಟದಿಂದಾಗಲಿ ದಾನದಿಂದಾಗಲಿ ಅದು ಕೈಬದಲಾಗದು. ಲ ಬ್ರಾಕಿ ತೀರಿಕೊಂಡದ್ದು 2012ರಲ್ಲಿ, ಹಾಗಾಗಿ ಅವನ ಚಿತ್ರವನ್ನು ಪುಸ್ತಕದ ರಕ್ಷಾಪುಟಕ್ಕೆ ಹಾಕಬೇಕಾದರೆ 2082ರ ಕೊನೆಯವರೆಗೆ ವಾರಸುದಾರರ ಒಪ್ಪಿಗೆ ಬೇಕು. 2006ರಿಂದ ಮರುಮಾರಾಟದ ಹಕ್ಕೂ ಇದೆ: 3,000 ಯೂರೋ ಅಥವಾ ಹೆಚ್ಚಿನ ಬೆಲೆಗೆ ಹರಾಜಿನಲ್ಲೋ ವ್ಯಾಪಾರಿಯ ಮೂಲಕವೋ ಕೃತಿ ಮತ್ತೆ ಮಾರಾಟವಾದರೆ ಮೊದಲ 50,000ಕ್ಕೆ ಶೇ. 4, ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತ, ಒಟ್ಟು 12,500 ಯೂರೋ ಮೀರದಂತೆ ಕಲಾವಿದನಿಗೆ ಪಾಲು. 2012ರಿಂದ ವಾರಸುದಾರರಿಗೂ ಸಲ್ಲುತ್ತದೆ. ಮ್ಯೂಸಿಯಂಗೆ ದಾನವಾದ ಕೃತಿಯಿಂದ ಈ ಪಾಲು ಹುಟ್ಟುವುದಿಲ್ಲ, ಅದು ಮತ್ತೆ ಮಾರುಕಟ್ಟೆಗೆ ಬರುವುದಿಲ್ಲವಲ್ಲ. ಇಬ್ಬರು ಸಂಗ್ರಾಹಕರು ನಡುವೆ ವ್ಯಾಪಾರಿ ಇಲ್ಲದೆ ತಮ್ಮತಮ್ಮಲ್ಲೇ ಕೈಬದಲಾಯಿಸಿಕೊಂಡರೂ ಹುಟ್ಟುವುದಿಲ್ಲ.